ಹಿಂದಿನ ಗಾಲಿಯ ಬ್ರೇಕು

ಬೆಟ್ಟದ ಸೀಮೆಯಲ್ಲಿ ವಾಹನ ಕೊಳ್ಳಹೊರಟವರು ಮೊದಲು ವಿಚಾರಿಸುವುದು ಅದು ಏರು ಹತ್ತೀತೇ ಎಂದು. ಎಂಜಿನ್ನಿನ ಬಲವೆಷ್ಟು, ಹೇರು ಎಷ್ಟು ತಡೆದೀತು, ಲೀಟರಿಗೆ ಎಷ್ಟು ದೂರ ಓಡೀತು, ಎಲ್ಲವೂ ಏರಿನ ಪ್ರಶ್ನೆಗಳೇ. ಇಳಿಯುವ ವಿಚಾರವನ್ನು ಎತ್ತುವವರು ಅಪರೂಪ. ಇಳಿಯುವುದಕ್ಕೆ ಬಲ ಬೇಕಿಲ್ಲವೆಂಬ ನಂಬಿಕೆ ಇದಕ್ಕೆ ಕಾರಣವಿರಬೇಕು. ಆದರೆ ಕೊಡಗಿನಿಂದ ಪಡುವಣಕ್ಕೆ ಹೊರಟವನು ಯಾವ ದಾರಿ ಹಿಡಿದರೂ ಇಳಿಯಲೇಬೇಕು. ಮಡಿಕೇರಿಯಿಂದ ಸಂಪಾಜೆಗೆ, ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ, ಭಾಗಮಂಡಲದಿಂದ ಕರಿಕೆಯ ಮೂಲಕ ಪಾಣತ್ತೂರಿಗೆ, ಮೂರು ದಾರಿಗಳಲ್ಲೂ ತಿರುವಿನ ಮೇಲೆ ತಿರುವು, ಒಂದು ಮಗ್ಗುಲಲ್ಲಿ ಗೋಡೆಯಂಥ ಬರೆ, ಇನ್ನೊಂದು ಮಗ್ಗುಲಲ್ಲಿ ಕಣ್ಣಿಗೆ ತಳ ಕಾಣದ ಕಾಡು.

ಈ ಹೊತ್ತು ನಾನು ಹೇಳಹೊರಟಿರುವುದು ಸಣ್ಣ ವಿಷಯ: ಪಿಕಪ್ ವಾಹನದ ಹಿಂದಿನ ಗಾಲಿಗಳ ಬ್ರೇಕ್ ಶೂಗಳನ್ನು ಮನೆಯಲ್ಲೇ ಬದಲಿಸುವ ಬಗೆ. ಸಾಹಿತ್ಯಪ್ರಿಯರಾದ ನಿಮ್ಮಲ್ಲಿ ಹೆಚ್ಚಿನವರು ಜನ್ಮದಲ್ಲಿ ಒಂದು ಗಾಲಿಯನ್ನೂ ಬಿಚ್ಚಲಾರಿರಿ. ಆದರೂ ಇನ್ನೊಬ್ಬರು ಬಿಚ್ಚಿ ಜೋಡಿಸಿದ ಗಾಲಿಗಳ ಮೇಲೆ ದಿನವೂ ಕುಳಿತು ಸಾಗುತ್ತೀರಿ. ಆ ಗಾಲಿಯ ಒಳಗೆ ನಡೆಯುವುದೇನೆಂದು ಒಮ್ಮೆ ತಿಳಿದುಕೊಳ್ಳುವುದರಲ್ಲಿ ನಷ್ಟವಿಲ್ಲ.

ಮೊದಲು ಒಂದು ಲೆಕ್ಕ. ಹೇರು ಸಹಿತ ಎರಡೂವರೆ ಟನ್ ತೂಗುವ ಪಿಕಪ್ಪೊಂದು ಸಾವಿರ ಮೀಟರ್ ಎತ್ತರವನ್ನು ಇಳಿಯುತ್ತದೆ ಎನ್ನಿ. ಮಡಿಕೇರಿಯಿಂದ ಸಂಪಾಜೆಗೆ ಹೋಗುವ ವಾಹನ ಇಳಿಯುವುದು ಹತ್ತಿರ ಹತ್ತಿರ ಅಷ್ಟೇ. ಮೇಲಿದ್ದಾಗ ಅದರಲ್ಲಿ ಅಡಗಿದ್ದ ಶಕ್ತಿ ಕೆಳಗೆ ಬರುವಷ್ಟರಲ್ಲಿ ಶಾಖವಾಗಿ ಕರಗಿಹೋಗಬೇಕು. ಆ ಶಾಖವೆಲ್ಲವನ್ನೂ ಒಂದೆಡೆ ಹಿಡಿದಿಡಬಹುದಾದರೆ ಸುಮಾರು 75 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಬಚ್ಚಲಿನ ದೊಡ್ಡ ಹಂಡೆಯನ್ನು ಕಾಯಿಸಲು ಎಷ್ಟು ಸೌದೆ ಬೇಕೆಂದು ಬಲ್ಲವರಿಗೆ ಇದು ಎಂಥ ಬೆಂಕಿಯೆಂದು ಹೇಳಬೇಕಾಗಿಲ್ಲ. ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿದರೆ ಈ ಬೆಂಕಿಯ ದೊಡ್ಡ ಪಾಲನ್ನು ಎಂಜಿನ್ನೇ ಹೊರುತ್ತದೆ. ಡೀಸೆಲ್ ಉಳಿಸುವ ಆಸೆಯಿಂದ ಗೇರು ತಪ್ಪಿಸಿ ಇಳಿದರೆ ಹೆಚ್ಚುಕಡಿಮೆ ಅಷ್ಟೂ ಬ್ರೇಕಿನ ತಲೆಗೆ ಬರುತ್ತದೆ. ಘಟ್ಟದ ಬುಡದಲ್ಲಿ ನಿಂತ ಲಾರಿಗಳಿಂದ ಬರುವ ಕಮಟು ವಾಸನೆ ಈ ಉಳಿತಾಯದ್ದು.

ಘಟ್ಟ ಇಳಿಯುವ ಗಾಡಿಯನ್ನು ತಡೆಯಲು ಗಾಲಿಯ ಹಳಿಗೆ ಮರದ ತುಂಡನ್ನು ಒತ್ತುವ ಉಪಾಯ ಹಳೆಯದು. ಇಂಗ್ಲೆಂಡಿನ ಡರ್ಬಿಶೈರ್ ಎಂಬ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನು, ಕುದುರೆಗಾಡಿಯವರು ಆ ಮರದ ತುಂಡಿಗೆ ತಮ್ಮ ಹಳೆಯ ಬೂಟುಗಳನ್ನು ಕಟ್ಟಿ ಇಳಿಜಾರು ಇಳಿಯುತ್ತಿದ್ದುದನ್ನು ಗಮನಿಸಿದನಂತೆ. ಮರಕ್ಕಿಂತ ಚರ್ಮ ಹೆಚ್ಚು ಹಿಡಿಯುತ್ತದೆ. ಆದರೆ ಬೂಟು ಎಷ್ಟು ದಿನ ಬಾಳೀತು? ಅವನು ಬೇರೆ ಬೇರೆ ನಾರುಗಳನ್ನು ಹೊಂದಿಸಿ, ತಾಳಿಕೆಯ ಮೈಹೊದಿಕೆಯೊಂದನ್ನು ಮಾಡಿ, 1897ರಲ್ಲಿ ಫೆರೋಡೊ ಎಂಬ ಕಂಪನಿಯನ್ನು ಕಟ್ಟಿದನು. ಹೆಸರಿನಲ್ಲಿ ಅವನ ಹೆಸರಿನ ಅಕ್ಷರಗಳೇ ಹಿಂದುಮುಂದಾಗಿವೆ. ಬ್ರೇಕಿಗೆ ಇಂದಿಗೂ ‘ಶೂ’ ಇದೆ. ಮಾತಿನ ಮೂಲ ಏನೇ ಇರಲಿ, ಗುಡ್ಡದವರು ಬೂಟು ಸವೆಸಿ ಕಂಡುಕೊಂಡ ವಿದ್ಯೆ ಇದು ಎಂದು ನೆನೆಯುವುದು ನನಗೆ ಇಷ್ಟ.

ಗಾಲಿಯ ಹೊರಗಿದ್ದ ಈ ಹಿಡಿತವನ್ನು ಡ್ರಮ್ಮಿನ ಒಳಕ್ಕೆ ಸೇರಿಸಿದ ಕೀರ್ತಿ ಸಾಮಾನ್ಯವಾಗಿ ಫ್ರಾನ್ಸಿನ ಲೂಯಿ ರೆನೊಗೆ ಸಲ್ಲುತ್ತದೆ, ವರ್ಷ 1902. ಮೊದಮೊದಲು ಕಂಬಿ ಮತ್ತು ಸನ್ನೆಗಳಿಂದ ಎಳೆಯುತ್ತಿದ್ದ ಶೂಗಳನ್ನು ಎಣ್ಣೆಯ ಒತ್ತಡದಿಂದ ತಳ್ಳುವ ಏರ್ಪಾಡು ನಾಲ್ಕೂ ಗಾಲಿಗಳಿಗೆ ಬಂದದ್ದು 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ. ಮಹಾಯುದ್ಧದ ವಿಲ್ಲೀಸ್ ಜೀಪಿನ ನಾಲ್ಕು ಗಾಲಿಗಳಲ್ಲಿಯೂ ಇದೇ ಡ್ರಮ್ಮು. ಮಹೀಂದ್ರ ಕಂಪನಿಯವರು 1947ರಿಂದ ಮುಂಬಯಿಯಲ್ಲಿ ಆ ಜೀಪುಗಳನ್ನು ಜೋಡಿಸತೊಡಗಿದರು. ಕಾಫಿ ತೋಟದ ಹಾದಿಗಳಿಗೆ ಹೇಳಿ ಮಾಡಿಸಿದಂತಿದ್ದ ಆ ವಾಹನದ ಸಂತಾನವೇ ಇಂದು ನಮ್ಮ ಅಂಗಳಗಳಲ್ಲಿ ನಿಂತಿರುವ ಪಿಕಪ್ಪುಗಳು. ಈಗ ಮುಂದಿನ ಗಾಲಿಗಳಿಗೆ ಡಿಸ್ಕ್ ಬಂದಿದೆ, ಹಿಂದೆ ಡ್ರಮ್ಮೇ ಉಳಿದಿದೆ.

ಡ್ರಮ್ಮಿನ ಒಳಗನ್ನು ಬಾನುಲಿಯಲ್ಲಿ ತೋರಿಸುವುದು ಕಷ್ಟ. ನಿಮ್ಮ ಕೈಗಳನ್ನೇ ಸಾಲ ಕೇಳುತ್ತೇನೆ. ಅಗಲ ಬಾಯಿಯ ಪಾತ್ರೆಯೊಂದು ತನ್ನ ಬಾಯಿಯನ್ನು ನಿಮ್ಮ ಕಡೆಗೆ ಮಾಡಿ, ಗಾಲಿಯಂತೆ ನಿಂತಿದೆ ಎಂದು ಭಾವಿಸಿ. ಎರಡೂ ಕೈಗಳನ್ನು ಅದರ ಒಳಗೆ ಇಡಿ. ಮಣಿಕಟ್ಟುಗಳು ಕೆಳಗೆ ಒಂದಕ್ಕೊಂದು ತಾಗಿರಲಿ, ಬೆರಳುಗಳು ಮೇಲಿರಲಿ, ಅಂಗೈಗಳು ಹೊರಮುಖವಾಗಿ ಪಾತ್ರೆಯ ಒಳಗೋಡೆಯನ್ನು ನೋಡುತ್ತಿರಲಿ. ಈ ಅಂಗೈಗಳೇ ಶೂಗಳು. ಅಂಗೈಯ ಚರ್ಮವೇ ಲೈನರು. ಬೆರಳ ತುದಿಗಳ ನಡುವೆ ವೀಲ್ ಸಿಲಿಂಡರ್ ಎಂಬ ಪುಟ್ಟ ಕೊಳವೆಯಿದ್ದು, ನೀವು ಪೆಡಲ್ ತುಳಿದಾಗ ಎರಡೂ ಕಡೆಯ ಬೆರಳುಗಳನ್ನು ಹೊರಕ್ಕೆ ತಳ್ಳುತ್ತದೆ. ಅಂಗೈಗಳು ಗೋಡೆಗೆ ಒತ್ತುತ್ತವೆ, ಪಾತ್ರೆಯ ತಿರುಗು ನಿಧಾನವಾಗುತ್ತದೆ. ಕಾಲು ತೆಗೆದೊಡನೆ ಸ್ಪ್ರಿಂಗುಗಳು ಎರಡು ಕೈಗಳನ್ನೂ ಒಳಕ್ಕೆ ಎಳೆದುಕೊಳ್ಳುತ್ತವೆ.

ಇಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಪಾತ್ರೆ ತಿರುಗುತ್ತಿದೆಯಷ್ಟೆ. ಒಂದು ಕೈಯ ಬಳಿ ಅದರ ಗೋಡೆ ಬೆರಳ ತುದಿಯಿಂದ ಮಣಿಕಟ್ಟಿನ ಕಡೆಗೆ ಜಾರುತ್ತದೆ. ಇನ್ನೊಂದರ ಬಳಿ ಮಣಿಕಟ್ಟಿನಿಂದ ಬೆರಳ ಕಡೆಗೆ. ಮೊದಲನೆಯ ಕೈಯನ್ನು ತಿರುಗುವ ಗೋಡೆಯೇ ಸೆಳೆದು ತನ್ನ ಮೈಗೆ ಒತ್ತಿಕೊಳ್ಳುತ್ತದೆ, ಎರಡನೆಯದನ್ನು ನೂಕಿಬಿಡುತ್ತದೆ. ಅಂದರೆ ನಿಲ್ಲಿಸುವ ಬಲದ ಒಂದಂಶ ಚಾಲಕನ ಕಾಲಿನಿಂದ ಬರುವುದಿಲ್ಲ, ಓಡುವ ಗಾಲಿಯಿಂದಲೇ ಬರುತ್ತದೆ. ವಾಹನ ಮುಂದಕ್ಕೆ ಓಡುವಾಗ ಮುಂಬದಿಯ ಶೂ ಹೀಗೆ ಹೆಚ್ಚು ದುಡಿಯುತ್ತದೆ, ಹೆಚ್ಚು ಸವೆಯುತ್ತದೆ. ತೋಟದ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಯುವಾಗ ಪಾತ್ರಗಳು ಅದಲುಬದಲಾಗುತ್ತವೆ.

ಈ ಗುಣ ಡ್ರಮ್ ಬ್ರೇಕಿನ ಶಕ್ತಿಯೂ ಹೌದು, ಅದರ ಅಪಾಯವೂ ಹೌದು. ಬಲವನ್ನು ಹಿಗ್ಗಿಸುವ ಯಂತ್ರ ತಪ್ಪನ್ನೂ ಹಿಗ್ಗಿಸುತ್ತದೆ. ಎಡಗಾಲಿಯ ಲೈನರಿಗೆ ಒಂದಿಷ್ಟು ಎಣ್ಣೆ ತಾಗಿದ್ದರೆ, ಬಲಗಾಲಿಗೆ ಹೊಸ ಶೂ ಹಾಕಿ ಎಡಕ್ಕೆ ಹಳೆಯದನ್ನೇ ಬಿಟ್ಟಿದ್ದರೆ, ಆ ಸಣ್ಣ ಭೇದ ಪೆಡಲ್ ತುಳಿದ ಕ್ಷಣದಲ್ಲಿ ದೊಡ್ಡದಾಗುತ್ತದೆ. ಒಂದು ಗಾಲಿ ಕಚ್ಚಿ ನಿಲ್ಲುತ್ತದೆ, ಇನ್ನೊಂದು ಉರುಳುತ್ತದೆ. ಮಳೆಯಲ್ಲಿ ಪಾಚಿ ಕಟ್ಟಿದ ತಿರುವಿನಲ್ಲಿ ಹಿಂದಿನ ಗಾಲಿ ಹೀಗೆ ಕಚ್ಚಿದರೆ ವಾಹನದ ಹಿಂಭಾಗವೇ ಮುಂದಕ್ಕೆ ತಿರುಗಲು ಹವಣಿಸುತ್ತದೆ. ಆ ಹಿಂಭಾಗದಲ್ಲಿ ಕಾಫಿ ಚೀಲಗಳು ಮಾತ್ರ ಇರುತ್ತವೆಂದು ತಿಳಿಯಬೇಡಿ. ಸಂಜೆ ತೋಟದ ಕೆಲಸ ಮುಗಿಸಿದ ಹೆಣ್ಣಾಳು ಗಂಡಾಳುಗಳು ಕಂಬಿ ಹಿಡಿದು ನಿಂತು ಮನೆಗೆ ಹೋಗುವುದೂ ಅಲ್ಲಿಯೇ. ಸರಕಿನ ವಾಹನದಲ್ಲಿ ಜನರನ್ನು ಸಾಗಿಸಬಾರದೆಂದು ಕಾನೂನಿದೆ, ಆದರೆ ಸಾಗಿಸುವುದು ನಿಂತಿಲ್ಲ. ಆಯುಧಪೂಜೆಯ ದಿನ ವಾಹನ ತೊಳೆದು, ಹೂ ಮುಡಿಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹರಿಸುವ ನಾವು ಡ್ರಮ್ಮಿನ ಒಳಗೆ ಇಣುಕುವುದು ಮಾತ್ರ ಶಬ್ದ ಬಂದ ಮೇಲೆ.

ಆದುದರಿಂದ ಎಡ ಬಲ ಎರಡೂ ಗಾಲಿಗಳ ನಾಲ್ಕು ಶೂಗಳನ್ನು ಒಟ್ಟಿಗೆ, ಒಂದೇ ತಯಾರಿಕೆಯವನ್ನೇ ಹಾಕಬೇಕು. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ.

ಕೆಲಸಕ್ಕೆ ತಕ್ಕ ಕಾಲ ಏಪ್ರಿಲ್, ಮೇ ತಿಂಗಳು. ರೊಬಸ್ಟಾ ಕುಯ್ಲು ಮುಗಿದಿರುತ್ತದೆ, ಕಾಫಿ ಒಣಗಿಸುವ ಕಣ ಖಾಲಿಯಾಗಿರುತ್ತದೆ, ಮುಂಗಾರು ಇನ್ನೂ ಬಂದಿರುವುದಿಲ್ಲ. ಕೊಡಗಿನ ಮನೆಯ ಸುತ್ತ ಸಮತಟ್ಟಾದ ಗಟ್ಟಿ ನೆಲವೆಂದರೆ ಆ ಕಣ ಒಂದೇ. ಸಮನೆಲಕ್ಕೆ ಇಷ್ಟು ಮಹತ್ವ ಏಕೆಂದರೆ, ಡ್ರಮ್ ಬಿಚ್ಚಲು ಹ್ಯಾಂಡ್ ಬ್ರೇಕನ್ನು ಸಡಿಲಿಸಲೇಬೇಕು, ಹಿಂದಿನ ಗಾಲಿಯನ್ನು ಎತ್ತಲೂಬೇಕು. ಒಂದು ಗಾಲಿ ನೆಲ ಬಿಟ್ಟ ಮೇಲೆ ಗೇರಿನಲ್ಲಿಟ್ಟರೂ ವಾಹನ ನಿಲ್ಲುವ ಭರವಸೆಯಿಲ್ಲ. ಡಿಫರೆನ್ಷಿಯಲ್ಲಿನ ದೆಸೆಯಿಂದ ಎತ್ತಿದ ಗಾಲಿ ಸುಮ್ಮನೆ ತಿರುಗಿ ನೆಲದ ಮೇಲಿನದನ್ನು ಬಿಟ್ಟುಕೊಡುತ್ತದೆ. ಆಗ ಎರಡು ಟನ್ನನ್ನು ಹಿಡಿದಿರುವುದು ಮುಂದಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕೊಟ್ಟ ಮರದ ಬೆಣೆಗಳು ಮಾತ್ರ. ಜಾಕಿ ಎತ್ತುವ ಉಪಕರಣ, ಹೊತ್ತು ನಿಲ್ಲುವ ಉಪಕರಣವಲ್ಲ. ಆಕ್ಸಲ್ಲಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಬೇಕು. ಟೊಳ್ಳು ಸಿಮೆಂಟ್ ಇಟ್ಟಿಗೆಗಳನ್ನು ಎಂದಿಗೂ ಇಡಬಾರದು. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಗಾಲಿಯ ನಟ್ಟುಗಳನ್ನು ಎತ್ತುವ ಮೊದಲೇ, ಗಾಲಿ ನೆಲದ ಮೇಲಿರುವಾಗಲೇ, ಸ್ವಲ್ಪ ಸಡಿಲಿಸಿಟ್ಟುಕೊಂಡರೆ ಒಳ್ಳೆಯದು.

ಗಾಲಿ ಕಳಚಿದ ಮೇಲೆ ಡ್ರಮ್ಮು ಕೈಗೆ ಬರುವುದು ಅಪರೂಪ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯ ಸುತ್ತಮುತ್ತ ಡ್ರಮ್ಮಿಗೂ ಹಬ್ಬಿಗೂ ತುಕ್ಕು ಬೆಸುಗೆ ಹಾಕಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು. ಅನೇಕ ಡ್ರಮ್ಮುಗಳ ಮುಖದಲ್ಲಿ ಮರೆಯಿರುವ ಎರಡು ತೂತುಗಳಿರುತ್ತವೆ. ಅವುಗಳಲ್ಲಿ ತಕ್ಕ ಬೋಲ್ಟುಗಳನ್ನು ಸರದಿಯ ಮೇಲೆ ಬಿಗಿಯುತ್ತ ಬಂದರೆ ಡ್ರಮ್ಮು ತಾನಾಗಿ ಹೊರಬರುತ್ತದೆ. ಆದರೂ ಬರದಿದ್ದರೆ, ಸವೆದ ಡ್ರಮ್ಮಿನ ಅಂಚಿನಲ್ಲಿ ಎದ್ದ ದಿಂಡು ಶೂಗಳಿಗೆ ಅಡ್ಡವಾಗಿದೆಯೆಂದು ತಿಳಿದು, ಹಿಂಬದಿಯ ಕಿಂಡಿಯಿಂದ ಅಡ್ಜಸ್ಟರನ್ನು ಸಡಿಲಿಸಬೇಕು. ಸುತ್ತಿಗೆಯಿಂದ ಅಂಚಿಗೆ ಬಡಿದರೆ ಬೀಡುಕಬ್ಬಿಣ ಸೀಳುತ್ತದೆ. ಕೆಲವು ವಾಹನಗಳಲ್ಲಿ ಡ್ರಮ್ ತೆಗೆಯಲು ಆಕ್ಸಲ್ಲನ್ನೇ ಹೊರಗೆಳೆಯಬೇಕಾಗುತ್ತದೆ. ಅಂಥದ್ದು ಕಣದಲ್ಲಿ ಮಾಡುವ ಕೆಲಸವಲ್ಲ. ವರ್ಕ್‌ಶಾಪಿಗೆ ಒಯ್ಯುವುದೇ ಜಾಣತನ.

ಡ್ರಮ್ಮು ಬಿಚ್ಚಿದಾಗ ಕಾಣುವುದು ಕಪ್ಪು ಹುಡಿ. ಅದನ್ನು ಬಾಯಿಂದ ಊದುವುದು, ಗಾಳಿಯ ಪೈಪು ಹಿಡಿಯುವುದು ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಬೇಡವೆಂದವನೇ ನಗೆಗೀಡಾಗುತ್ತಾನೆ. ಆದರೆ ಇಲ್ಲಿ ನಗುವಂಥದ್ದೇನೂ ಇಲ್ಲ. ಶಾಖಕ್ಕೆ ಸುಡದ ನಾರೆಂದು ಇಪ್ಪತ್ತನೆಯ ಶತಮಾನದ ಬಹುಭಾಗ ಲೈನರುಗಳಲ್ಲಿ ಕಲ್ನಾರನ್ನು, ಎಂದರೆ ಆಸ್ಬೆಸ್ಟಾಸನ್ನು, ಬಳಸುತ್ತಿದ್ದರು. ಅದರ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ಹೊರಬರುವುದಿಲ್ಲ. ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರಾಗಿ ಕಾಣಿಸಿಕೊಳ್ಳುತ್ತವೆ. ಕಲ್ನಾರಿನ ಕಾರ್ಖಾನೆಗಳಲ್ಲಿ ದುಡಿದವರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗವೆಂದು ನಮ್ಮ ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1995ರ ಜನವರಿಯಲ್ಲಿ. ಈಗ ಕಲ್ನಾರಿಲ್ಲದ ಶೂಗಳು ಸಿಗುತ್ತವೆ. ಡಬ್ಬಿಯ ಮೇಲೆ ಹಾಗೆಂದು ಬರೆದಿರುವುದನ್ನೇ ಕೊಳ್ಳಬೇಕು. ಆದರೆ ಬಿಚ್ಚುತ್ತಿರುವ ಹಳೆಯ ಲೈನರಿನಲ್ಲಿ ಏನಿತ್ತೆಂದು ನೋಡಿದರೆ ತಿಳಿಯದು. ಮೂಗು ಬಾಯಿ ಮುಚ್ಚಿಕೊಂಡು, ಸೋಪಿನ ನೀರು ಚಿಮುಕಿಸಿ, ಹುಡಿ ಏಳದಂತೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಕಣದಲ್ಲಿ ಮಕ್ಕಳು ಆಡುತ್ತಿದ್ದರೆ ಅವರನ್ನು ಮೊದಲು ಒಳಗೆ ಕಳುಹಿಸಬೇಕು.

ಆಮೇಲೆ ಕೈ ಹಚ್ಚದೆ ಕಣ್ಣಿನಿಂದ ನೋಡುವ ಕೆಲಸ. ಲೈನರು ಒಂದೂವರೆ ಮಿಲಿಮೀಟರಿಗೆ ಇಳಿದರೆ ಬದಲಿಸಬೇಕೆಂಬುದು ಸಾಮಾನ್ಯ ಲೆಕ್ಕ. ಆಯಾ ವಾಹನದ ಕೈಪಿಡಿಯ ಅಂಕಿ ಬೇರೆಯಿದ್ದರೆ ಅದೇ ಪ್ರಮಾಣ. ಘಟ್ಟದ ದಾರಿಯಲ್ಲಿ ಓಡುವುದಕ್ಕೆ ನಾನು ಎರಡು ಮಿಲಿಮೀಟರಿಗೇ ತೆಗೆದುಬಿಡುತ್ತೇನೆ. ರಿವೆಟ್ ಹೊಡೆದ ಲೈನರಾದರೆ ರಿವೆಟ್ಟಿನ ತಲೆ ಎಷ್ಟು ಆಳದಲ್ಲಿದೆಯೆಂದು ನೋಡಬೇಕು. ತಲೆ ಮೇಲೆ ಬಂದರೆ ಅದು ಡ್ರಮ್ಮನ್ನು ನೇಗಿಲಿನಂತೆ ಗೀರುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಎತ್ತಿದಾಗ ಒಳಗೆ ಒದ್ದೆಯಿದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಗೇರ್ ಎಣ್ಣೆಯ ಘಾಟು ಬಂದರೆ ಆಕ್ಸಲ್ಲಿನ ಸೀಲು ಹೋಗಿದೆ. ಈ ಸೋರಿಕೆಯನ್ನು ನಿಲ್ಲಿಸದೆ ಹೊಸ ಶೂ ಹಾಕುವುದು ಸೋರುವ ಮಾಡಿನ ಕೆಳಗೆ ಹೊಸ ಹಾಸಿಗೆ ಹಾಸಿದಂತೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವ ರೂಢಿಯೂ ಉಂಟು. ಮೇಲ್ಮೈ ಒಣಗುತ್ತದೆ, ಒಳಗಿಳಿದ ಎಣ್ಣೆ ಮೊದಲ ಇಳಿಜಾರಿನ ಶಾಖಕ್ಕೆ ಮತ್ತೆ ಹೊರಬರುತ್ತದೆ. ಡ್ರಮ್ಮಿನ ಮೇಲೆ ಅದರ ಗರಿಷ್ಠ ವ್ಯಾಸವನ್ನು ಅಚ್ಚೊತ್ತಿರುತ್ತಾರೆ; ಸವೆದು ಅದನ್ನು ಮೀರಿದ್ದರೆ, ಅಥವಾ ಒಳಮೈಯಲ್ಲಿ ಸೀಳು ಕಂಡರೆ, ಡ್ರಮ್ಮೇ ಹೊಸದಾಗಬೇಕು. ಕಾದು ಹೊಗೆಯಾಡುವ ಡ್ರಮ್ಮಿಗೆ ನೀರು ಸುರಿಯುವ ಚಾಲಕರು ಇಂಥ ಸೀಳನ್ನು ತಾವೇ ಆಹ್ವಾನಿಸುತ್ತಾರೆ.

ಜೋಡಿಸುವುದರಲ್ಲಿ ಕಷ್ಟವಿರುವುದು ತೋಳಿಗಲ್ಲ, ನೆನಪಿಗೆ. ನಾಲ್ಕೈದು ಸ್ಪ್ರಿಂಗು, ಒಂದು ಅಡ್ಜಸ್ಟರು, ಹ್ಯಾಂಡ್ ಬ್ರೇಕಿನ ಒಂದು ಸನ್ನೆ. ಯಾವುದು ಮೇಲೆ, ಯಾವುದು ಕೆಳಗೆ, ಯಾವ ಕೊಕ್ಕೆ ಯಾವ ತೂತಿಗೆ? ಇದಕ್ಕೆ ಹಳಬರ ಉಪಾಯ ಒಂದೇ: ಎರಡೂ ಕಡೆ ಒಮ್ಮೆಗೇ ಬಿಚ್ಚಬಾರದು. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಕಡೆ ಮಾದರಿಯಾಗಿ ಉಳಿದಿರಲಿ. ಆದರೆ ಅದು ಕನ್ನಡಿಯ ಪ್ರತಿಬಿಂಬದಂಥ ಮಾದರಿಯೆಂಬುದು ನೆನಪಿರಬೇಕು. ಅಡ್ಜಸ್ಟರುಗಳ ಮರೆ ಎಡಕ್ಕೊಂದು ಬಲಕ್ಕೊಂದು ದಿಕ್ಕಿನಲ್ಲಿರುವ ವಾಹನಗಳಲ್ಲಿ ಅವು ಅದಲುಬದಲಾದರೆ, ತಾನಾಗಿ ಬಿಗಿಯಬೇಕಾದದ್ದು ತಾನಾಗಿ ಸಡಿಲಗೊಳ್ಳುತ್ತದೆ. ಸ್ಪ್ರಿಂಗನ್ನು ಇಕ್ಕಳದಿಂದ ಎಳೆಯುವಾಗ ಕಣ್ಣಿಗೆ ಕನ್ನಡಕವಿರಲಿ. ಡ್ರಮ್ಮು ಹೊರಗಿರುವಷ್ಟು ಹೊತ್ತು ಯಾರೂ ಪೆಡಲ್ ತುಳಿಯಬಾರದು; ತುಳಿದರೆ ಸಿಲಿಂಡರಿನ ಪಿಸ್ಟನ್ನುಗಳು ಹಾರಿ ಹೊರಬೀಳುತ್ತವೆ. ಹಳೆಯ ಶೂನಲ್ಲಿದ್ದ ಹ್ಯಾಂಡ್ ಬ್ರೇಕಿನ ಸನ್ನೆಯನ್ನು ಹೊಸದಕ್ಕೆ ವರ್ಗಾಯಿಸಬೇಕು. ಹಿಂದಿನ ಫಲಕದ ಮೇಲೆ ಶೂಗಳ ಅಂಚು ಉಜ್ಜುವ ಉಬ್ಬುಗಳಿಗೆ ಶಾಖ ತಾಳುವ ಗ್ರೀಸನ್ನು ಉಗುರಿನಷ್ಟು ಸವರಬೇಕು, ಹೆಚ್ಚು ಬೇಡ. ಲೈನರಿನ ಮೈಯನ್ನು ಜಿಡ್ಡು ಕೈಯಿಂದ ಮುಟ್ಟಬಾರದು. ಇಷ್ಟು ಮಡಿಯನ್ನು ನಾನು ಇನ್ನಾವ ಕೆಲಸದಲ್ಲೂ ಪಾಲಿಸುವುದಿಲ್ಲವೆಂದು ಮನೆಯವರ ದೂರು.

ಸಿಲಿಂಡರನ್ನೋ ಕೊಳವೆಯನ್ನೋ ಬಿಚ್ಚಿದ್ದರೆ ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿಯಲು, ಇನ್ನೊಬ್ಬರು ಗಾಲಿಯ ಬಳಿ ತಿರುಪು ಸಡಿಲಿಸಲು. ಬ್ರೇಕ್ ಆಯಿಲ್ ವಾತಾವರಣದ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಕೂಡದೆಂದು ನಿಯಮ, ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬಲವನ್ನು ಗಾಲಿಗೆ ಮುಟ್ಟಿಸುವುದಿಲ್ಲ, ಪೆಡಲ್ ನೆಲ ಮುಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸುವುದು ದುಂದಲ್ಲ.

ಡ್ರಮ್ಮು ಹಾಕಿ ಕೈಯಿಂದ ತಿರುಗಿಸಿದಾಗ ಲೈನರು ತುಸುವೇ ಸವರಿದ ಸದ್ದು ಬರುವಷ್ಟು ಅಡ್ಜಸ್ಟರನ್ನು ಬಿಗಿಯಬೇಕು. ಎರಡೂ ಗಾಲಿಗಳಲ್ಲಿ ಸದ್ದು ಒಂದೇ ಸಮನಾಗಿರಲಿ. ಆಮೇಲೆ ಪೆಡಲನ್ನು ಹಲವು ಸಲ ತುಳಿದರೆ ಶೂಗಳು ತಮ್ಮ ನೆಲೆಗೆ ಕೂರುತ್ತವೆ. ಹ್ಯಾಂಡ್ ಬ್ರೇಕಿನ ಕೇಬಲ್ಲಿನ ಸರದಿ ಕಟ್ಟಕಡೆಗೆ. ಸವೆದ ಶೂಗಳನ್ನು ಮುಟ್ಟದೆ ಕೇಬಲನ್ನೇ ಬಿಗಿದು ಬ್ರೇಕು ಸರಿಹೋಯಿತೆಂದು ಕೀಲಿಕೈ ಕೊಡುವ ಪದ್ಧತಿಯನ್ನು ಕಂಡಿದ್ದೇನೆ. ಅದರಿಂದ ಸನ್ನೆ ಗಟ್ಟಿಯಾದಂತೆ ತೋರುತ್ತದೆ, ಅಡ್ಜಸ್ಟರು ತನ್ನ ಕೆಲಸ ಮರೆಯುತ್ತದೆ, ಪೆಡಲ್ ಇದ್ದಲ್ಲೇ ಇರುತ್ತದೆ.

ಮೊದಲ ಪರೀಕ್ಷೆ ಕಣದಲ್ಲೇ, ನಡಿಗೆಯ ವೇಗದಲ್ಲಿ. ಹೊಸ ಲೈನರು ಡ್ರಮ್ಮಿನ ವಕ್ರತೆಗೆ ಹೊಂದಿಕೊಳ್ಳುವವರೆಗೆ ಪೂರ್ತಿ ಹಿಡಿಯುವುದಿಲ್ಲ. ಒಂದೆರಡು ದಿನ ಹೇರಿಲ್ಲದೆ, ಜನರಿಲ್ಲದೆ, ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸುತ್ತ ಪಳಗಿಸಬೇಕು. ಘಟ್ಟ ಇಳಿಯುವುದು ಆಮೇಲೆ.

ಮಳೆಗಾಲದ ಒಂದು ಮಾತು ಉಳಿಯಿತು. ಹೊಳೆಯಂಥ ರಸ್ತೆ ದಾಟಿ ಬಂದ ವಾಹನವನ್ನು ಹ್ಯಾಂಡ್ ಬ್ರೇಕು ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಒದ್ದೆ ಲೈನರಿಗೂ ಡ್ರಮ್ಮಿಗೂ ತುಕ್ಕು ಗಂಟು ಹಾಕುತ್ತದೆ. ಬಲವಂತವಾಗಿ ಹೊರಡಿಸಿದರೆ ಲೈನರು ಶೂನಿಂದ ಕಿತ್ತು ಬರುವುದೂ ಉಂಟು. ಮನೆಗೆ ಬರುವ ಕೊನೆಯ ಫರ್ಲಾಂಗಿನಲ್ಲಿ ಪೆಡಲನ್ನು ಹಗುರಾಗಿ ಒತ್ತಿ ಓಡಿಸಿದರೆ ಡ್ರಮ್ಮು ಬೆಚ್ಚಗಾಗಿ ಒಣಗುತ್ತದೆ. ಬಳಿಕ ಸಮನೆಲದಲ್ಲಿ ಗೇರಿನಲ್ಲಿಟ್ಟು, ಗಾಲಿಗಳಿಗೆ ಬೆಣೆ ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಟ್ಟುಬಿಡಬಹುದು. ಗಾಲಿಯ ನಟ್ಟುಗಳನ್ನು ಐವತ್ತು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ನಮ್ಮ ಕಡೆಯ ಲೆಕ್ಕದಲ್ಲಿ, ಒಮ್ಮೆ ಪೇಟೆಗೆ ಹೋಗಿ ಬಂದ ಮೇಲೆ.